ತಲೆವಸ್ತ್ರ ದಾಟಿದವನು

ಇಸ್ರೇಲಿನ ಓರ್ ಅಕಿವಾ ಊರಿಗೆ ಬಂದ ಮೂರನೇ ವಾರಕ್ಕೇ ಶುಶೇನ್ ಒಬ್ಬ ತರಕಾರಿಯವನ ಮೂಗು ಒಡೆದಳು. ಬದನೆಕಾಯಿ ಹಿಚುಕಿ ನೋಡುತ್ತಿದ್ದವಳ ಕೈಯನ್ನು ಅವನು ಆಚೆ ತಳ್ಳಿ ಏನೋ ಅಂದ. ಅಂದಿದ್ದು ಏನು ಅಂತ ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕಿದ್ದು ಮಾತ್ರ ಚೆನ್ನಾಗಿ ತಿಳಿಯಿತು. ತಕ್ಕಡಿಯ ಪಕ್ಕದಲ್ಲಿದ್ದ ಅರ್ಧ ಕಿಲೋ ಬಟ್ಟು ಕೈಗೆ ಸಿಕ್ಕಿತು. ಮುಂದಿನದನ್ನು ಆ ಸಂತೆಯ ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಮನೆಗೆ ಬಂದ ಮೇಲೆ ದೊಡ್ಡ ಮಗ ಇಫ್ರಾಯಿಮ್ ತಲೆಯ ಮೇಲೆ ಕೈ ಹೊತ್ತು ಕೂತ.

“ಅಮ್ಮಾ, ಅವನು ಅಂದಿದ್ದು ‘ಹಿಚುಕಬೇಡ, ಹಾಳಾಗುತ್ತೆ’ ಅಂತ. ಅಷ್ಟೇ.”

“ಅಷ್ಟೇ ಆದ್ರೆ ಆ ಹೆಂಗಸರು ಯಾಕೋ ನಕ್ಕರು?”

“ಅವರು ನಕ್ಕಿದ್ದು ನಿನ್ನ ಅವತಾರ ನೋಡಿ.”

“ಹಂಗಿದ್ರೆ ಏಟು ತಪ್ಪಿ ಅವನಿಗೆ ಬಿತ್ತು. ಇರ್ಲಿ ಬಿಡು, ಮುಂದಿನ ವಾರ ಅವರೂ ಸಂತೆಗೆ ಬರ್ತಾರಲ್ಲ.”

ನಮ್ಮ ಬೆಟ್ಟದ ಯೆಹೂದಿ ಹೆಂಗಸರ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಶುಶೇನಳದು ಬಾಯಿಗಿಂತ ಕೈ ಜೋರು. ಕಾಕಸಸ್ ಬೆಟ್ಟಸೀಮೆಯ ನಮ್ಮ ದರ್ಬೆಂತ್‌ನಲ್ಲಿ ಗಂಡ ಲಾರಿ ಮಗುಚಿ ಸತ್ತಾಗ ಅವಳಿಗೆ ಮೂವತ್ತೆಂಟು. ಅಂದಿನಿಂದ ಎರಡು ಗಂಡುಮಕ್ಕಳನ್ನು ಒಬ್ಬಳೇ ಸಾಕಿದವಳು ಕೈ ಜೋರಿಲ್ಲದೆ ಬದುಕುವುದು ಹೇಗೆ? ಸೋವಿಯೆತ್ ರಾಜ್ಯ ಮುರಿದುಬಿದ್ದು, ಬೀದಿಬೀದಿಯಲ್ಲಿ ಬಂದೂಕು ಹಿಡಿದವರು ತಿರುಗುವಂತಾದ ಮೇಲೆ, ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಇಸ್ರೇಲಿಗೆ ಬಂದೆವು. ಅವಳೂ ಬಂದಳು. ಇಫ್ರಾಯಿಮನಿಗೆ ಆಗ ಇಪ್ಪತ್ತನಾಲ್ಕು, ಚಿಕ್ಕವ ಪಿಸಾಖನಿಗೆ ಹತ್ತೊಂಬತ್ತು. ಅವಳಿಗೆ ಐವತ್ತೊಂದು.

ಹೊಸದಾಗಿ ಬಂದವರಿಗೆ ಸರ್ಕಾರ ಐದು ತಿಂಗಳು ಹೀಬ್ರೂ ಕಲಿಸುತ್ತದೆ. ಆ ಶಾಲೆಗೆ ಉಲ್ಪಾನ್ ಅನ್ನುತ್ತಾರೆ. ನಮ್ಮೂರಲ್ಲಿ ಅದು ನಡೆಯುತ್ತಿದ್ದದ್ದು ಬಾಂಬು ಬಿದ್ದಾಗ ಅಡಗಿಕೊಳ್ಳಲು ಕಟ್ಟಿದ ನೆಲಮಾಳಿಗೆಯಲ್ಲಿ. ಶುಶೇನ್ ಎರಡು ದಿನ ಹೋದಳು. ಟೀಚರ್ ತ್ಸಿಲಾ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ “ನಾನು ವಿದ್ಯಾರ್ಥಿನಿ, ನಾನು ಬಸ್ಸಿನಲ್ಲಿ ಬಂದೆ” ಅಂತ ಹೇಳಿಸಿದಳು. ಶುಶೇನ್ ಪುಸ್ತಕ ಮುಚ್ಚಿ ಹೊರಗೆ ನಡೆದಳು.

“ನಾನು ಬಂದಿದ್ದು ನಡ್ಕೊಂಡು. ಸುಳ್ಳು ಹೇಳೋದಕ್ಕೆ ಇನ್ನೊಂದು ಭಾಷೆ ಬೇರೆ ಕಲೀಬೇಕಾ?” ಅಂತ ಮನೆಯಲ್ಲಿ ಗೊಣಗಿದಳು.

ಮರುವಾರವೇ ಕೋಳಿ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಕೊಯ್ದ ಕೋಳಿಗಳು ಕಾಲು ಮೇಲಾಗಿ ಕೊಕ್ಕೆಗೆ ನೇತಾಡುತ್ತ ಒಂದರ ಹಿಂದೊಂದು ಬರುತ್ತಿದ್ದವು. ಇವಳು ಹೊಟ್ಟೆ ಸೀಳಿ ಕರುಳು ಕೀಳಬೇಕು. ಮೊಣಕೈವರೆಗೂ ರಕ್ತ. ಸತ್ತ ಕೋಳಿ ಯಾವ ಭಾಷೆಯನ್ನೂ ಕೇಳುವುದಿಲ್ಲ. ಎರಡು ವರ್ಷ ಅವಳಿಗೆ ಹೀಬ್ರೂ ಇಲ್ಲದೆ ಸಲೀಸಾಗಿ ನಡೆಯಿತು.

ಆಮೇಲೆ ಆ ಆಗಸ್ಟ್ ತಿಂಗಳು ಬಂತು.

ಎದುರು ಕಟ್ಟಡದಲ್ಲಿ ಫ್ರೇಹಾ ಎಂಬ ಮೊರಾಕ್ಕೋ ಕಡೆಯ ಹೆಂಗಸು ಇದ್ದಳು. ಶಾಲೆಯ ನೆಲ ಒರೆಸುವ ಕೆಲಸ. ಅವಳ ಮಗ ಕೋಬಿ, ಇಪ್ಪತ್ತೆರಡರ ಪೋಕರಿ. ತನ್ನ ಸ್ಕೂಟರನ್ನು ಯಾವಾಗಲೂ ನಮ್ಮ ಕಟ್ಟಡದ ಬಾಗಿಲಿಗೆ ಅಡ್ಡ ನಿಲ್ಲಿಸುತ್ತಿದ್ದ. ಆ ಸಂಜೆ ಇಫ್ರಾಯಿಮ್ ಕೆಲಸದಿಂದ ಬಂದವನು ಅದನ್ನು ಪಕ್ಕಕ್ಕೆ ಸರಿಸಲು ಹೋದ. ಸ್ಕೂಟರು ದಡಾರನೆ ಬಿತ್ತು, ಕನ್ನಡಿ ಒಡೆಯಿತು. ಕೋಬಿ ಓಡಿ ಬಂದ. ಕಾಕಸಸ್‌ನವರನ್ನು ಈ ದೇಶದಲ್ಲಿ ಹಂಗಿಸುವುದಕ್ಕೆ ಒಂದು ಮಾತಿದೆ, ಚಾಕು ಜಾತಿ ಅಂತ. ಕೋಬಿ ಅದನ್ನೇ ಅಂದ. ಅಂದು ಬಾಯಿ ಮುಚ್ಚುವುದರೊಳಗೆ ಇಫ್ರಾಯಿಮ್ ಅವನ ದವಡೆಗೆ ಬಾರಿಸಿದ.

ಇಬ್ಬರೂ ನೆಲಕ್ಕೆ ಬಿದ್ದು ಹೊರಳಾಡಿದರು. ಕೋಬಿಯ ತುಟಿ ಸೀಳಿತು, ಇಫ್ರಾಯಿಮನ ಅಂಗಿ ಹರಿಯಿತು. ಜನ ಬಾಲ್ಕನಿಗಳಲ್ಲಿ ನಿಂತು ನೋಡಿದರು, ಯಾರೂ ಇಳಿದು ಬರಲಿಲ್ಲ. ಇಫ್ರಾಯಿಮನ ಕೈಯೇ ಮೇಲಾಗಿತ್ತು. ಅವನು ಎತ್ತಿನಂಥ ಆಳು. ಕೋಬಿಯನ್ನು ಗೋಡೆಗೆ ಒತ್ತಿ ಒಂದೊಂದೇ ಗುದ್ದು ಹಾಕುತ್ತಿದ್ದ. ಕೋಬಿ ಹೇಗೋ ಬಿಡಿಸಿಕೊಂಡು ಕಸದ ಡಬ್ಬದ ಹತ್ತಿರ ಬಿದ್ದಿದ್ದ ಬಿಯರ್ ಬಾಟಲಿ ತೆಗೆದುಕೊಂಡು ಗೋಡೆಗೆ ಬಡಿದು ಒಡೆದ. ಇಬ್ಬರ ನಡುವೆ ನಾಲ್ಕು ಹೆಜ್ಜೆ ಅಂತರವಿತ್ತು.

ಅಷ್ಟು ಹೊತ್ತಿಗೆ ಶುಶೇನ್ ಮೂರು ಮಹಡಿ ಇಳಿದು ಬಂದಳು. ಬಂದವಳು ತನ್ನ ಅಜ್ಜಿ, ಅಜ್ಜಿಯ ಅಜ್ಜಿ ಮಾಡಿದ್ದನ್ನೇ ಮಾಡಿದಳು. ತಲೆವಸ್ತ್ರ ಕಿತ್ತು ಇಬ್ಬರ ನಡುವೆ ನೆಲಕ್ಕೆ ಎಸೆದಳು.

ನಮ್ಮ ಬೆಟ್ಟಗಳಲ್ಲಿ ಅದಕ್ಕಿಂತ ದೊಡ್ಡ ಕಟ್ಟಳೆ ಇಲ್ಲ. ಹೆಂಗಸು ತಲೆ ಬರಿದು ಮಾಡಿಕೊಂಡು ವಸ್ತ್ರ ಎಸೆದಳೆಂದರೆ ಮುಗಿಯಿತು, ಹೊಡೆದಾಟ ಅಲ್ಲಿಗೇ ನಿಲ್ಲಬೇಕು. ತಲೆಮಾರಿನ ಹಗೆಯೇ ಇರಲಿ, ಎತ್ತಿದ ಕತ್ತಿ ಇಳಿಯಲೇಬೇಕು. ಶುಶೇನಳ ಅಜ್ಜಿ ಹೀಗೆ ಎಸೆದಾಗ ಒಬ್ಬನ ಕಠಾರಿ ಇನ್ನೊಬ್ಬನ ತೋಳಿನೊಳಗೆ ಒಂದಂಗುಲ ಇಳಿದಿತ್ತಂತೆ. ಅವನು ಅದನ್ನು ಹಾಗೆಯೇ ಹಿಂದಕ್ಕೆ ಎಳೆದು, ಒರೆಸಿ, ಮನೆಗೆ ಹೋದನಂತೆ. ಹೆಂಗಸಿನ ತಲೆವಸ್ತ್ರ ದಾಟಿದವನಿಗೆ ತಾಯಿಯ ಹಾಲು ದಕ್ಕುವುದಿಲ್ಲ ಅನ್ನುತ್ತಾರೆ ನಮ್ಮವರು.

ಇಫ್ರಾಯಿಮ್ ನೆಲದ ಮೇಲಿನ ಕಪ್ಪು ವಸ್ತ್ರ ನೋಡಿದ. ಎರಡೂ ಕೈ ಇಳಿಬಿಟ್ಟ. ಗದ್ದ ತಗ್ಗಿಸಿದ. ಒಳ್ಳೆಯ ತಾಯಿಯ ಮಗ, ಮಾಡಬೇಕಾದ್ದನ್ನು ಮಾಡಿದ.

ಕೋಬಿ ನೋಡಿದ್ದು ಒಂದು ಬಟ್ಟೆ ಬಿದ್ದಿದ್ದನ್ನು. ಅವನು ಅದನ್ನು ತುಳಿದುಕೊಂಡೇ ಬಂದ. ಒಡೆದ ಬಾಟಲಿ ಇಫ್ರಾಯಿಮನ ಕುತ್ತಿಗೆಗೆ ಹೋಯಿತು.

ಶುಶೇನ್ ಕಿರುಚಿದಳು, ನಮ್ಮ ಭಾಷೆಯಲ್ಲಿ. ಬಾಲ್ಕನಿಯಲ್ಲಿ ನಿಂತ ಐವತ್ತು ಜನಕ್ಕೆ ಒಂದಕ್ಷರ ತಿಳಿಯಲಿಲ್ಲ. ಅವಳು ಎರಡೂ ಅಂಗೈಯಿಂದ ಕುತ್ತಿಗೆಯನ್ನು ಒತ್ತಿ ಹಿಡಿದಳು. ರಕ್ತ ಬೆರಳುಗಳ ಸಂದಿಯಿಂದ ಚಿಮ್ಮಿ ಅವಳ ಮುಖಕ್ಕೆ, ಬಾಯಿಗೆ ಬಿತ್ತು. ಆಂಬ್ಯುಲೆನ್ಸ್ ಬರುವುದಕ್ಕೆ ಮೊದಲೇ ಅವನ ಕಣ್ಣು ನಿಂತುಹೋದವು.

ಅದರ ಮೇಲೆ ಪೊಲೀಸರ ವಿಚಾರಣೆ. ದುಭಾಷಿ ಅಂತ ಲೆನಿನ್‌ಗ್ರಾದಿನ ಒಬ್ಬ ಕನ್ನಡಕದವನನ್ನು ಕರೆಸಿದ್ದರು. ಶುಶೇನ್ ತನಗೆ ಬಂದಷ್ಟು ರಷ್ಯನ್‌ನಲ್ಲಿ ಅರ್ಧ ಗಂಟೆ ಹೇಳಿದಳು. ಅಜ್ಜಿಯ ಕಥೆ, ವಸ್ತ್ರದ ಕಟ್ಟಳೆ, ಮಗ ಕೈ ಇಳಿಬಿಟ್ಟಿದ್ದು, ಎಲ್ಲ. ಕನ್ನಡಕದವನು ಪೊಲೀಸಿಗೆ ನಾಲ್ಕೇ ಮಾತಲ್ಲಿ ಮುಗಿಸಿದ.

“ಅಷ್ಟೂ ಹೇಳಿದ್ಯೇನೋ?” ಅಂತ ಕೇಳಿದಳು.

“ಬೇಕಾದಷ್ಟು ಹೇಳಿದೀನಿ. ಬೆಟ್ಟದ ಕಥೆಯೆಲ್ಲ ಇವರಿಗ್ಯಾಕೆ?”

ಅವಳು ಕೊಟ್ಟ ಕಪಾಳಮೋಕ್ಷಕ್ಕೆ ಅವನ ಕನ್ನಡಕ ಪೊಲೀಸಿನವನ ಚಹಾ ಲೋಟದೊಳಗೆ ಬಿತ್ತು. ಅದರಿಂದ ಏನು ಉಪಯೋಗ? ಕಾಗದದಲ್ಲಿ ಆಗಲೇ ಬರೆದಾಗಿತ್ತು, ಸತ್ತವನ ತಾಯಿ ಬಟ್ಟೆ ಎಸೆದಳು ಅಂತ.

ಚಳಿಗಾಲದ ಹೊತ್ತಿಗೆ ಆ ಸಾಲು ಕೋಬಿಯ ವಕೀಲನ ಕೈಗೆ ಸಿಕ್ಕಿ ಬೆಳೆಯಿತು. ತಾಯಿ ಮಗ ಇಬ್ಬರೂ ಸೇರಿ ಹುಡುಗನ ಮೇಲೆ ಬಿದ್ದರು, ತಾಯಿ ಅವನ ಮುಖಕ್ಕೆ ಬಟ್ಟೆ ಎಸೆದು ಕಣ್ಣು ಮುಚ್ಚಿಸಿದಳು, ಅವನು ಜೀವಭಯದಿಂದ ಕೈ ಬೀಸಿದ ಅಂತ. ಬಾಲ್ಕನಿಯ ಇಬ್ಬರು ಹೌದು ಅಂದರು. ಫ್ರೇಹಾ ಕೂಡ ಹೌದು ಅಂದಳು. ಬೇಕೆಂದು ಸುಳ್ಳು ಹೇಳಿದಳು ಅಂತ ನಾನು ಹೇಳಲಾರೆ, ಅವಳ ಕಣ್ಣಿಗೆ ಕಂಡಿದ್ದು ಅಷ್ಟೇ ಇರಬಹುದು. ಕೋಬಿಯನ್ನು ಜೈಲಿನಿಂದ ಬಿಟ್ಟು ಮನೆಯಲ್ಲೇ ಇರು ಅಂದರು. ದಿನಾ ಸಂಜೆ ಎದುರು ಬಾಲ್ಕನಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ಸಿಪ್ಪೆ ಉಗುಳುತ್ತಿದ್ದ.

ಅದನ್ನು ಪಿಸಾಖ್ ದಿನಾ ನೋಡುತ್ತಿದ್ದ. ಒಂದು ಸಂಜೆ ಬರಿಗೈಯಿಂದ ಗೋಡೆ ಗುದ್ದಿ ಗುದ್ದಿ ಎರಡು ಬೆರಳು ಮುರಿದುಕೊಂಡ. ಅವನ ಚಿಕ್ಕಪ್ಪ ಮರ್ದಖಾಯ್, ಅಂದರೆ ಶುಶೇನಳ ಮೈದುನ, ತನ್ನ ಸತ್ತ ಅಣ್ಣನ ಕಠಾರಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ.

“ಬೆರಳು ಮುರ್ಕೊಂಡು ಏನ್ ಬಂತೋ? ಇದನ್ನ ಹಿಡಿಯೋದಕ್ಕೆ ಐದೂ ಬೇಕು.”

“ಎತ್ತು ಅದನ್ನ ಇಲ್ಲಿಂದ,” ಅಂದಳು ಶುಶೇನ್.

“ಅತ್ತಿಗೆ, ಕೋರ್ಟು ಅವನನ್ನ ಬಿಡುತ್ತೆ. ನೀನೇ ಕೊಂದೆ ಅಂತ ಬರೀತಾರೆ. ತಮ್ಮ ಅಂತ ಒಬ್ಬ ಬದುಕಿದಾನೆ ಅನ್ನೋದು ಗೊತ್ತಾಗೋದು ಬೇಡ್ವಾ?”

“ಒಬ್ಬನ್ನ ಮಣ್ಣಿಗಿಟ್ಟೆ. ಇನ್ನೊಬ್ಬನ್ನ ಜೈಲಿಗೆ ಕೊಡ್ಲಾ? ನನಗಿರೋದು ಇವನೊಬ್ಬ ಕಣೋ.”

ಮರ್ದಖಾಯ್ ಅವಳ ಕೆನ್ನೆಗೆ ಹೊಡೆದ. ಅಣ್ಣನ ಹೆಂಡತಿಯ ಮೇಲೆ ಕೈ ಮಾಡಿದ, ನೋಡಿ, ಅಂಥ ಕೆಟ್ಟ ದಿನಗಳವು. ಶುಶೇನ್ ಲಟ್ಟಣಿಗೆ ತೆಗೆದುಕೊಂಡು ಅವನ ಮೊಣಕಾಲಿನ ಚಿಪ್ಪಿಗೆ ಬಿಟ್ಟಳು. ಅವನು ಕುಂಟುವುದು ಇವತ್ತಿಗೂ ನಿಂತಿಲ್ಲ. ಅವನು ನೆಲದ ಮೇಲೆ ಬಿದ್ದು ಬೈಯುತ್ತಿರುವಾಗಲೇ ಅವಳು ಮಗನ ಕಡೆ ತಿರುಗಿದಳು.

“ಕೋರ್ಟಲ್ಲಿ ನಾನು ಹೇಳ್ತೀನಿ. ನಡುವೆ ಯಾವ ಕನ್ನಡಕದವನೂ ಬೇಡ. ಅವರ ಭಾಷೇಲಿ, ನನ್ನ ಬಾಯಿಂದ. ನಾನು ಹೇಳಿ ಮುಗಿಸೋವರೆಗೂ ಕಬ್ಬಿಣ ಮುಟ್ಟಲ್ಲ ಅಂತ ನಿಮ್ಮಣ್ಣನ ಅಂಗಿ ಮೇಲೆ ಆಣೆ ಇಡು.”

ಪಿಸಾಖ್ ರಕ್ತ ಒಣಗಿದ ಆ ಅಂಗಿಯ ಮೇಲೆ ಮುರಿದ ಬೆರಳಿನ ಕೈಯಿಟ್ಟು ಆಣೆ ಮಾಡಿದ. ಮರ್ದಖಾಯ್ ಮೊಣಕಾಲು ಹಿಡಿದುಕೊಂಡೇ ನಕ್ಕ.

“ನೀನು ಹೀಬ್ರೂ ಕಲಿಯೋ ಹೊತ್ತಿಗೆ ಕೋಬಿ ಮೊಮ್ಮಕ್ಕಳನ್ನ ಆಡಿಸ್ತಿರ್ತಾನೆ.”

ಕೋರ್ಟಿನ ದಿನಕ್ಕೆ ನಾಲ್ಕು ತಿಂಗಳಿತ್ತು.

ಮರುದಿನ ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ, ರಕ್ತ ತೊಳೆದುಕೊಂಡು, ಶುಶೇನ್ ಆ ನೆಲಮಾಳಿಗೆಗೆ ಇಳಿದಳು. ಟೀಚರ್ ತ್ಸಿಲಾ ಹಲಗೆಯ ಮೇಲೆ ಹಣ್ಣುಗಳ ಹೆಸರು ಬರೆಯುತ್ತಿದ್ದಳು. ಅರವತ್ತರ ಹೆಂಗಸು, ಒಣಕಲು ದೇಹ, ಬಾಯಿ ಮಾತ್ರ ಕತ್ತರಿ.

“ಬನ್ನಿ ಬನ್ನಿ. ನಡ್ಕೊಂಡು ಬಂದ್ರಾ ಅಥವಾ ಬಸ್ಸಲ್ಲಾ?” ಅಂದಳು ತ್ಸಿಲಾ. ಎರಡು ವರ್ಷವಾದರೂ ಮರೆತಿರಲಿಲ್ಲ.

ಶುಶೇನ್ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ಖಾರ್ಕೋವ್‌ನ ಇಂಜಿನಿಯರ್ ಗ್ರಿಶಾ ಕೂತಿದ್ದ. ತ್ಸಿಲಾ ಅವಳನ್ನು ಎಬ್ಬಿಸಿ ಕಿತ್ತಳೆಯ ಚಿತ್ರ ತೋರಿಸಿದಳು. ಶುಶೇನ್ ಮೇಜಿಗೆ ಗುದ್ದಿದಳು.

“ಹಣ್ಣು ಬೇಡ. ರಕ್ತಕ್ಕೆ ಏನಂತಾರೆ? ಕುತ್ತಿಗೆಗೆ? ಬಾಟಲಿ ಒಡೆಯೋದಕ್ಕೆ?” ಅಂತ ರಷ್ಯನ್‌ನಲ್ಲಿ ಕೇಳಿದಳು.

ಗ್ರಿಶಾ ಅದನ್ನು ಹೀಬ್ರೂಗೆ ತಿರುಗಿಸಿ ಹೇಳಿ, ತನ್ನ ಮಾತನ್ನೂ ಸೇರಿಸಿದ. “ಟೀಚರ್, ಇವರು ಯಾರನ್ನೋ ಮುಗಿಸೋ ಅಂದಾಜಲ್ಲಿದ್ದಾರೆ. ನನ್ನ ಜಾಗ ಬದಲಾಯಿಸಿ.”

ತರಗತಿ ಗೊಳ್ಳೆಂದು ನಕ್ಕಿತು. ಶುಶೇನ್ ಅವನ ಕಾಲರು ಹಿಡಿದು ಕುರ್ಚಿ ಸಮೇತ ಹಿಂದಕ್ಕೆ ಕೆಡವಿದಳು. ತ್ಸಿಲಾ ಬಂದು ಮರದ ಸ್ಕೇಲಿನಿಂದ ಶುಶೇನಳ ಬೆರಳಿನ ಗೆಣ್ಣಿಗೆ ಫಟ್ಟನೆ ಹೊಡೆದಳು. ಐವತ್ತು ದಾಟಿದವಳಿಗೆ ಟೀಚರಿಂದ ಏಟು! ಶುಶೇನ್ ಅವಳನ್ನು ದುರುಗುಟ್ಟಿ ನೋಡಿದಳು. ತ್ಸಿಲಾ ಕಣ್ಣು ತೆಗೆಯಲಿಲ್ಲ. ಅಲ್ಲಿಂದ ಇಬ್ಬರಿಗೂ ಸರಿಹೋಯಿತು.

ಆ ದಿನ ತರಗತಿ ಮುಗಿದ ಮೇಲೆ ಗ್ರಿಶಾನನ್ನೇ ನಡುವೆ ಕೂರಿಸಿಕೊಂಡು ತ್ಸಿಲಾ ಅವಳ ಕಥೆ ಪೂರ್ತಿ ಕೇಳಿದಳು. ಈ ಸಲ ಗ್ರಿಶಾ ಒಂದು ಮಾತನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಕರವಸ್ತ್ರ ತೆಗೆದು ಮೂಗು ಸೀಟಿಕೊಂಡ. ತ್ಸಿಲಾ ಎದ್ದು ಹಲಗೆಯ ಮೇಲಿನ ಹಣ್ಣುಗಳನ್ನೆಲ್ಲ ಒರೆಸಿದಳು.

“ನಾಳೆಯಿಂದ ಒಂದು ಗಂಟೆ ಮುಂಚೆ ಬನ್ನಿ,” ಅಂದಳು.

ಆ ಉಲ್ಪಾನ್‌ನಲ್ಲಿ ದಿನಾ ಮೊದಲು ಒಬ್ಬೊಬ್ಬರೂ ಎದ್ದು ನಿನ್ನೆ ಏನು ಮಾಡಿದಿರಿ ಅಂತ ಹೇಳಬೇಕು. ಗ್ರಿಶಾ ನಿನ್ನೆ ಕೆಲಸ ಹುಡುಕಿದೆ ಅನ್ನುತ್ತಿದ್ದ, ಇನ್ನೊಬ್ಬಳು ಸೂಪು ಮಾಡಿದೆ ಅನ್ನುತ್ತಿದ್ದಳು. ಶುಶೇನ್ ಎದ್ದು ದಿನಾ ಆಗಸ್ಟ್ ತಿಂಗಳ ಅದೇ ಸಂಜೆಯನ್ನು ಹೇಳುತ್ತಿದ್ದಳು. ಮೊದಲ ವಾರ “ನನ್ನ ಮಗ. ಕೆಳಗೆ. ಬಾಟಲಿ.” ಅಷ್ಟೇ. ತಿಂಗಳಿಗೆ ವಾಕ್ಯಗಳಾದವು. ತ್ಸಿಲಾ ಕರುಣೆ ಗಿರುಣೆ ತೋರಿಸುತ್ತಿರಲಿಲ್ಲ. ಕುತ್ತಿಗೆ ಅನ್ನುವಲ್ಲಿ ಅವಳು ತಡವರಿಸಿದರೆ “ಇನ್ನೊಂದ್ಸಲ” ಅನ್ನುವಳು. ಅಳು ಬಂದರೆ “ಅತ್ತು ಮುಗಿಸಿ, ಆಮೇಲೆ ಇನ್ನೊಂದ್ಸಲ.” ಒಂದು ದಿನ ಹನ್ನೊಂದು ಸಲ ಹೇಳಿಸಿದಾಗ ಶುಶೇನ್ ಸೀಮೆಸುಣ್ಣದ ಡಬ್ಬ ಎತ್ತಿ ಗೋಡೆಗೆ ಅಪ್ಪಳಿಸಿದಳು.

“ಕಲ್ಲಾ ನೀನು? ನಿನಗೆ ಮಕ್ಕಳಿಲ್ವಾ?”

“ಒಬ್ಬನಿದ್ದ. ಯುದ್ಧಕ್ಕೆ ಹೋದ,” ಅಂದಳು ತ್ಸಿಲಾ. “ಅವನ ಬಗ್ಗೆ ಹೇಳೋದಕ್ಕೆ ನನಗೆ ಯಾವ ಕೋರ್ಟೂ ಸಿಗಲಿಲ್ಲ. ನಿಮಗೆ ಸಿಕ್ಕಿದೆ. ಇನ್ನೊಂದ್ಸಲ.”

ಶುಶೇನ್ ಬಗ್ಗಿ ಸೀಮೆಸುಣ್ಣದ ಚೂರುಗಳನ್ನೆಲ್ಲ ಆಯ್ದಳು. ಆಮೇಲೆ ಇನ್ನೊಂದು ಸಲ ಹೇಳಿದಳು.

ಕಾರ್ಖಾನೆಯಲ್ಲಿ ಕೋಳಿಗೊಂದು ಮಾತಿನಂತೆ ಬಾಯಿಪಾಠ ಮಾಡುತ್ತಿದ್ದಳು. ಹೊಟ್ಟೆ ಸೀಳುವಾಗ “ನೆಲ”, ಕರುಳು ಎಳೆಯುವಾಗ “ಕೈ ಇಳಿಸಿದ”, ಮುಂದಿನದಕ್ಕೆ “ತುಳಿದ”. ಸಾಲಿನ ಹೆಂಗಸರು ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಂದು ಮಾತನ್ನು ಮಾತ್ರ ಎಲ್ಲಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದಳು. ದಾಯ್. ಸಾಕು, ನಿಲ್ಲಿಸು ಅನ್ನುವುದಕ್ಕೆ ಹೀಬ್ರೂನಲ್ಲಿ ಅದೊಂದೇ ಸಾಕಂತೆ, ಎರಡು ವರ್ಷದ ಮಗುವೂ ಹೇಳುತ್ತದಂತೆ. ಆ ಸಂಜೆ ಅದೊಂದು ಬಾಯಿಗೆ ಬಂದಿದ್ದರೆ ಅನ್ನುವ ಹುಳು ಅವಳ ಎದೆ ಕೊರೆಯುತ್ತಿತ್ತು. ಎದೆ ಕೊರೆದಷ್ಟೂ ಚೂರಿ ಜೋರಾಗಿ ಓಡುತ್ತಿತ್ತು, ಒಮ್ಮೆ ತನ್ನ ಹೆಬ್ಬೆರಳನ್ನೇ ಮೂಳೆ ಕಾಣುವಂತೆ ಕೊಯ್ದುಕೊಂಡಳು.

ಕೋರ್ಟಿನ ದಿನ ಬಂತು. ಕೋರ್ಟಿದ್ದ ಹೈಫಾ ನಗರಕ್ಕೆ ಮರ್ದಖಾಯ್‌ನ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಬಾಯಿಬಡುಕ ಸುಮ್ಮನಿದ್ದರೆ ಹೆದರಬೇಕು. ನಾವು ಹೆದರಲಿಲ್ಲ, ದಡ್ಡರು.

ನ್ಯಾಯಾಧೀಶ ದುಭಾಷಿ ಬೇಕೇ ಅಂತ ಕೇಳಿದ. “ಬೇಡ,” ಅಂದಳು ಶುಶೇನ್, ಹೀಬ್ರೂನಲ್ಲಿ. ಹಿಂದಿನ ಸಾಲಿನಲ್ಲಿ ತ್ಸಿಲಾ ಕೂತಿದ್ದಳು. ಎದುರು ಬದಿಯಲ್ಲಿ ಕೋಬಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಅವನ ಹಿಂದೆ ಫ್ರೇಹಾ, ಹೂವಿನ ತಲೆವಸ್ತ್ರ ಕಟ್ಟಿಕೊಂಡು.

ಶುಶೇನ್ ಹೇಳಿದಳು. ಚಿಕ್ಕ ಚಿಕ್ಕ ಮಾತು, ಮಗು ಮೆಟ್ಟಿಲು ಹತ್ತಿದ ಹಾಗೆ. ಸ್ಕೂಟರು ಬಿತ್ತು. ಅವನು ಬೈದ. ನನ್ನ ಮಗ ಮೊದಲು ಹೊಡೆದ. ಹೌದು, ಮೊದಲು ಹೊಡೆದಿದ್ದು ನನ್ನ ಮಗನೇ. ನಮ್ಮವರು ಅಲ್ಲಲ್ಲೇ ಮಿಸುಕಾಡಿದರು. ಅವಳು ಒಂದನ್ನೂ ಮುಚ್ಚಿಡಲಿಲ್ಲ.

ಕೋಬಿಯ ವಕೀಲ ಎದ್ದ. “ಬಟ್ಟೆ ಎಸೆದಿದ್ದು ನಿಜ ತಾನೆ? ಯಾರ ಮುಖಕ್ಕೆ ಎಸೆದ್ರಿ?”

“ಮುಖಕ್ಕೆ ಇಲ್ಲ. ನೆಲಕ್ಕೆ.”

“ಹೊಡೆದಾಟ ನಡೀತಿರೋವಾಗ ನೆಲಕ್ಕೆ ಬಟ್ಟೆ ಯಾಕೆ ಹಾಕ್ತಾರೆ?”

ಶುಶೇನ್ ಕಟಕಟೆಯಿಂದ ಇಳಿದು ಬಂದಳು. ಯಾರಾದರೂ ತಡೆಯುವುದಕ್ಕೆ ಮೊದಲೇ ತಲೆವಸ್ತ್ರ ಕಿತ್ತು ತನಗೂ ವಕೀಲನಿಗೂ ನಡುವೆ ಎಸೆದಳು. ಅವಳ ತಲೆಗೂದಲು ಆ ನಾಲ್ಕು ತಿಂಗಳಲ್ಲಿ ಪೂರ್ತಿ ಬೆಳ್ಳಗಾಗಿತ್ತು.

“ಹೀಗೆ ಎಸೆದೆ. ನಮ್ಮ ಊರಲ್ಲಿ ತಾಯಿ ಇದನ್ನು ಎಸೆದರೆ ಗಂಡಸರು ನಿಲ್ಲಿಸುತ್ತಾರೆ. ಇದರ ಮೇಲೆ ಯಾರೂ ಕಾಲು ಇಡುವುದಿಲ್ಲ. ನನ್ನ ಮಗ ಇದನ್ನು ನೋಡಿದ. ಕೈ ಇಳಿಸಿದ. ಅವನು ಗಟ್ಟಿ, ಅವನು ಗೆಲ್ಲುತ್ತಿದ್ದ. ನಾನು ನನ್ನ ಮಗನ ಕೈ ಕಟ್ಟಿದೆ. ಈ ಹುಡುಗ ಇದನ್ನು ತುಳಿದ. ತುಳಿದು ಬಂದ. ಕೈ ಇಳಿಸಿದವನ ಕುತ್ತಿಗೆಗೆ ಹಾಕಿದ.”

ಆಮೇಲೆ ಕೋಬಿಯ ಕಡೆ ತಿರುಗಿದಳು. “ಇವನಿಗೆ ಇದು ಗೊತ್ತಿರಲಿಲ್ಲ. ನನಗೆ ಹೀಬ್ರೂ ಗೊತ್ತಿರಲಿಲ್ಲ. ಆದರೆ ಎದುರಿನವನು ಕೈ ಇಳಿಸಿದ್ದು ಇವನ ಕಣ್ಣಿಗೆ ಕಂಡಿತು. ಅದನ್ನು ನೋಡಲು ಭಾಷೆ ಬೇಡ.”

ಕೋಬಿ ತಲೆ ಬಗ್ಗಿಸಿದ. ಫ್ರೇಹಾ ನೆಲದ ಮೇಲಿನ ಕಪ್ಪು ವಸ್ತ್ರವನ್ನೇ ನೋಡುತ್ತಿದ್ದಳು, ಅವಳ ಬಾಯಿ ತೆರೆದೇ ಇತ್ತು. ನ್ಯಾಯಾಧೀಶ ಅಷ್ಟನ್ನೂ ಬರೆಸಿಕೊಂಡ. ತೀರ್ಪು ಆಮೇಲೆ, ಇನ್ನೊಂದು ದಿನ ಅಂದರು. ಗುಮಾಸ್ತ ಕಾಗದ ಹಿಡಿದು ಬಂದವನು ಆ ವಸ್ತ್ರವನ್ನು ಸುತ್ತು ಹಾಕಿಕೊಂಡು ಹೋದ. ಎದುರು ಬದಿಯವರೆಲ್ಲ ಹೊರಗೆ ಹೋದ ಮೇಲೆ ಶುಶೇನ್ ಅದನ್ನು ಎತ್ತಿ ಮತ್ತೆ ತಲೆಗೆ ಕಟ್ಟಿಕೊಂಡಳು.

ಹೊರಗೆ ಬಂದಾಗ ನೆತ್ತಿ ಸುಡುವ ಬಿಸಿಲು. ತ್ಸಿಲಾ ಶುಶೇನಳ ತೋಳು ಹಿಡಿದು “ಒಂದೂ ತಪ್ಪಾಗಲಿಲ್ಲ” ಅಂದಳು. ಅವಳ ಬಾಯಿಂದ ಹೊಗಳಿಕೆ ಅಂತ ಬಂದಿದ್ದು ಅದೊಂದೇ. ಶುಶೇನ್ ಮಗನಿಗಾಗಿ ಸುತ್ತ ನೋಡಿದಳು. ಪಿಸಾಖ್ ಇರಲಿಲ್ಲ. ಕಾರು ನಿಲ್ಲಿಸಿದ ಜಾಗದಲ್ಲಿ, ಡಿಕ್ಕಿ ತೆರೆದಿಟ್ಟುಕೊಂಡು, ಮರ್ದಖಾಯ್ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ.

ಆಗ ಅವಳಿಗೆ ಹೊಳೆಯಿತು. ನಾನು ಹೇಳಿ ಮುಗಿಸೋವರೆಗೂ ಅಂತ ಆಣೆ ಇಡಿಸಿದ್ದಳು. ಹೇಳಿ ಮುಗಿಸಿದ್ದಳು. ಒಂದೂ ತಪ್ಪಿಲ್ಲದೆ ಮುಗಿಸಿದ್ದಳು.

ಪಿಸಾಖನ ಕೈಯಲ್ಲಿ ಅಪ್ಪನ ಕಠಾರಿ ಬಿಸಿಲಿಗೆ ಮಿನುಗಿತು. ಅವನು ಕಾರುಗಳ ನಡುವೆ ಬಗ್ಗಿ ಓಡುತ್ತಿದ್ದ. ಕೋಬಿ ತಾಯಿಯ ಜೊತೆ ತಮ್ಮ ಕಾರಿನ ಹತ್ತಿರ ಬಂದಿದ್ದ. ಅವನೇನು ಕಡಿಮೆ, ಸೀಟಿನ ಕೆಳಗಿಂದ ಚಕ್ರ ಬಿಚ್ಚುವ ಕಬ್ಬಿಣ ಎಳೆದುಕೊಂಡ. ಕಠಾರಿ ಮೊದಲು ಬೀಸಿತು. ಕೋಬಿಯ ಬಿಳಿ ಅಂಗಿಯ ತೋಳು ಭುಜದಿಂದ ಮೊಣಕೈವರೆಗೂ ಸೀಳಿ ಕೆಂಪಾಯಿತು. ಕೋಬಿ ಹಿಂದಕ್ಕೆ ಹಾರಿ ಕಬ್ಬಿಣ ತಿರುಗಿಸಿದ. ಅದು ಪಕ್ಕದ ಕಾರಿನ ಗಾಜಿಗೆ ಬಿದ್ದು ಗಾಜು ಸಿಡಿಯಿತು. ಇಬ್ಬರೂ ಏದುಸಿರು ಬಿಡುತ್ತ ಎದುರುಬದುರು ನಿಂತರು. ನಡುವೆ ನಾಲ್ಕು ಹೆಜ್ಜೆ.

ಶುಶೇನ್ ಓಡಿ ಬಂದಳು. ಕೈ ತಾನಾಗಿ ತಲೆಗೆ ಹೋಯಿತು, ಗಂಟಿನ ಮೇಲೆ ಬೆರಳು ಬಿತ್ತು. ಅಲ್ಲೇ ನಿಂತಿತು. ಎಸೆದರೆ ಪಿಸಾಖ್ ಕೈ ಇಳಿಬಿಡುತ್ತಾನೆ. ಇಳಿಬಿಟ್ಟವನ ಮೇಲೆ ಆ ಕಬ್ಬಿಣ ಬರುತ್ತದೆ. ಎಸೆಯದಿದ್ದರೆ ಮಗ ಕೊಲೆಗಾರನಾಗುತ್ತಾನೆ. ಗಂಟಿನ ಮೇಲಿನ ಬೆರಳು ಕಲ್ಲಾಗಿಹೋಯಿತು. ಅವಳ ಜೀವಮಾನದಲ್ಲಿ ಕೈ ಸುಮ್ಮನಾಗಿದ್ದು ಅದೊಂದೇ ಸಲ.

ಅಷ್ಟರಲ್ಲಿ ಹೂವಿನ ವಸ್ತ್ರವೊಂದು ಹಾರಿ ಬಂದು ಇಬ್ಬರ ನಡುವೆ ಡಾಂಬರಿನ ಮೇಲೆ ಬಿತ್ತು.

ಎಸೆದವಳು ಫ್ರೇಹಾ. ತೆಳ್ಳಗಿನ ನರೆಗೂದಲು ಕೆದರಿ, ಎರಡೂ ಕೈ ಗಾಳಿಯಲ್ಲೇ ಚಾಚಿ ನಿಂತಿದ್ದಳು. ಕೋರ್ಟಿನಲ್ಲಿ ನೋಡಿದ್ದನ್ನು ನೋಡಿದ ಹಾಗೆಯೇ ಮಾಡಿದ್ದಳು.

ಪಿಸಾಖ್ ಕೆಳಗೆ ನೋಡಿದ. ಅವನ ಕಠಾರಿಯ ಕೈ ಸೋತಂತೆ ಇಳಿಯಿತು.

“ಅಮ್ಮಾ, ಅದು ಅವಳ ವಸ್ತ್ರ,” ಅಂದ. ದನಿ ಒಡೆದಿತ್ತು.

“ಯಾರದಾದ್ರೇನೋ? ಹೆಂಗಸಿನ ತಲೆಯದು.”

ಪಿಸಾಖ್ ಗದ್ದ ತಗ್ಗಿಸಿದ, ಅವನ ಅಣ್ಣನ ಹಾಗೆಯೇ. ಕೋಬಿಯ ಕಬ್ಬಿಣ ಆಗಲೇ ಮೇಲೇರಿತ್ತು. ಶುಶೇನ್ ಹಾರಿ ನಡುವೆ ಬಿದ್ದಳು.

“ದಾಯ್, ಕೋಬಿ!”

ಬೀಸಿದ ಕಬ್ಬಿಣ ಅವಳ ಎತ್ತಿದ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಅವಳು ಕದಲಲಿಲ್ಲ.

“ದಾಯ್. ನಿನ್ನ ತಾಯಿಯ ವಸ್ತ್ರ. ಕೆಳಗೆ ನೋಡು.”

ಕೋಬಿ ಕೆಳಗೆ ನೋಡಿದ. ಅವನ ಬಲಗಾಲಿನ ಬೂಟಿನ ತುದಿ ಹೂವಿನ ಅಂಚಿಗೆ ತಾಗಿತ್ತು. ಅವನು ಎಷ್ಟೋ ಹೊತ್ತು ನೋಡಿದ ಅನ್ನಿಸಿತು ನಮಗೆ. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದ. ಕಬ್ಬಿಣ ಕೈ ಜಾರಿ ಬಿತ್ತು. ಅವನು ಅಲ್ಲೇ ಕುಕ್ಕರಿಸಿ ಕೂತು, ರಕ್ತ ಸುರಿಯುವ ತೋಳನ್ನು ಹಿಡಿದುಕೊಂಡು, ಬಿಕ್ಕಿ ಬಿಕ್ಕಿ ಅತ್ತ. ಆ ಬಾಲ್ಕನಿಯವರು, ಆ ವಕೀಲ, ಆ ನಾಲ್ಕು ತಿಂಗಳು ಎಲ್ಲ ಸೇರಿ ಅವನಿಗೆ ತಿಳಿಸದೆ ಇದ್ದದ್ದು ಆ ಗಳಿಗೆಯಲ್ಲಿ ತಿಳಿಯಿತು, ತಾನು ಏನನ್ನು ತುಳಿದು ಹೋಗಿದ್ದೆ ಅಂತ.

ಪೊಲೀಸರು ಬಂದು ಇಬ್ಬರನ್ನೂ ಬೇರೆ ಬೇರೆ ಗಾಡಿಗೆ ಹತ್ತಿಸಿದರು. ಪಿಸಾಖನಿಗೆ ಎಂಟು ತಿಂಗಳು ಜೈಲಾಯಿತು, ಕೋಬಿಗೆ ಹದಿಮೂರು ವರ್ಷ. ಅದು ಆಮೇಲಿನ ಮಾತು. ಅಲ್ಲಿ ಆಗ ಉಳಿದಿದ್ದು ಆಂಬ್ಯುಲೆನ್ಸಿಗೆ ಕಾಯುತ್ತಿದ್ದ ಶುಶೇನ್, ಮತ್ತು ಬರಿತಲೆಯ ಫ್ರೇಹಾ. ವಸ್ತ್ರ ನೆಲದ ಮೇಲೆಯೇ ಇತ್ತು. ಎತ್ತಿಕೊಳ್ಳಬಹುದೋ ಇಲ್ಲವೋ ಫ್ರೇಹಾಗೆ ಗೊತ್ತಿರಲಿಲ್ಲ, ಅಷ್ಟನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಗಂಡಸರು ಹೋದ ಮೇಲೆ ಎತ್ತಿಕೊಳ್ಳಬೇಕು, ಅದೇ ಕ್ರಮ.

ಶುಶೇನ್ ಬಗ್ಗಿ ಮುರಿಯದ ಕೈಯಿಂದ ಅದನ್ನು ಎತ್ತಿದಳು. ಗಾಜಿನ ಪುಡಿ ಹೋಗುವಂತೆ ತೊಡೆಗೆ ಬಡಿದು ಕೊಡವಿದಳು. ಫ್ರೇಹಾಳ ಮುಂದೆ ಹಿಡಿದಳು.

“ನಾನು ನಿನ್ನ ಮಗನನ್ನು ಕ್ಷಮಿಸುವುದಿಲ್ಲ,” ಅಂದಳು, ನಿಧಾನವಾಗಿ, ಒಂದೊಂದೇ ಮಾತು ಹುಡುಕಿ. ತ್ಸಿಲಾ ಅದನ್ನು ಅವಳಿಗೆ ಕಲಿಸಿರಲಿಲ್ಲ. “ತಲೆ ಮುಚ್ಚಿಕೋ. ಬಿಸಿಲು ಜಾಸ್ತಿ ಇದೆ.”